ಅರಗಿನ ಬಣ್ಣದ ಐದು ಸಂಚಿ

ಮೈತೊಳೆಯುವ ಮೊದಲು ವಿಜಯಮ್ಮನ ರವಿಕೆಗೆ ಚುಚ್ಚಿದ್ದ ಸೂಜಿಗಳನ್ನು ಬಸವಲಿಂಗಮ್ಮ ಒಂದೊಂದಾಗಿ ಕಿತ್ತು ಸ್ವರ್ಣಲತಾಳ ಅಂಗೈಗೆ ಹಾಕುತ್ತಿದ್ದಳು. ಎರಡು ಪಿನ್ನು, ದಾರ ಪೋಣಿಸಿದ್ದ ಒಂದು ಸೂಜಿ, ಆಮೇಲೆ ಭುಜದ ಹತ್ತಿರ ಮಡಿಕೆಯಲ್ಲಿ ಅಡಗಿದ್ದ ಇನ್ನೊಂದು ಸಣ್ಣ ಸೂಜಿ.

“ತಡಿ, ಇನ್ನೊಂದೈತೆ. ಸತ್ತೋದ್ಮೇಲೂ ಚುಚ್ತಾಳೆ ನೋಡು,” ಎಂದು ಬಸವಲಿಂಗಮ್ಮ ಬೆರಳನ್ನು ಬಾಯಿಗಿಟ್ಟುಕೊಂಡಳು. ನಗು ಬಂದಂತಾಗಿ ಅರ್ಧದಲ್ಲೇ ಅದು ಅಳುವಾಯಿತು. ಅವಳಿಗೆ ಎಪ್ಪತ್ತು ದಾಟಿತ್ತು. ಎದುರು ಮನೆಯವಳು. ದಿನಾ ಮಧ್ಯಾಹ್ನ ಎಲೆಅಡಿಕೆ ಹಾಕಿಕೊಂಡು ವಿಜಯಮ್ಮನ ಮಿಷನ್ನಿನ ಪಕ್ಕ ಕೂರದಿದ್ದರೆ ಅವಳಿಗೆ ಹೊತ್ತು ಹೋಗುತ್ತಿರಲಿಲ್ಲ.

ಹಿಂದಿನ ದಿನ ಸಂಜೆ ಕಾಫಿ ಕುಡಿದು, ಲೋಟ ತೊಳೆದಿಟ್ಟು, “ಯಾಕೋ ಎದೆ ಇಡ್ಕಂಡಂಗಾಯ್ತದೆ, ಒಂದ್ಗಳಿಗೆ ಒರಗ್ಕತೀನಿ” ಎಂದು ಮಲಗಿದ ವಿಜಯಮ್ಮ ಮತ್ತೆ ಎದ್ದಿರಲಿಲ್ಲ. ಐವತ್ತೇಳು ವರ್ಷ. ಹೊಳೆನರಸೀಪುರದ ಅಂಚಿನಲ್ಲಿ ಅರಕಲಗೂಡು ರಸ್ತೆಗೆ ಮುಖ ಮಾಡಿದ್ದ ಅಣ್ಣ ನಂಜುಂಡೇಶನ ಮನೆಯ ಮುಂದಿನ ಕೋಣೆಯಲ್ಲಿ ಮೂವತ್ತೈದು ವರ್ಷ ಹೊಲಿಗೆ ಮಿಷನ್ ತುಳಿದಿದ್ದಳು. ಈಗ ಜನ ಕೂರಲು ಜಾಗ ಬೇಕೆಂದು ಮಿಷನ್ನನ್ನು ಎತ್ತಿ ಅಂಗಳದ ಹೊಂಗೆ ಮರದ ಕೆಳಗಿಟ್ಟಿದ್ದರು. ಪಕ್ಕದ ಮನೆಯಿಂದ ಬಂದ ಕಾಫಿಯ ಕ್ಯಾನನ್ನು ಯಾರೋ ಅದರ ಮೇಲೇ ಇಟ್ಟರು. ನಂಜುಂಡೇಶನ ಹೆಂಡತಿ ಸ್ವರ್ಣಲತಾ ಹೊರಗೆ ಬಂದವಳು ಅದನ್ನು ಕಂಡು, ಕ್ಯಾನ್ ಇಳಿಸಿ, ಸೆರಗಿನಿಂದ ಮಿಷನ್ ಒರೆಸಿ ಹೋದಳು. ಸ್ವಲ್ಪ ಹೊತ್ತಿಗೆ ಇನ್ಯಾರೋ ಮತ್ತೆ ಅಲ್ಲೇ ಇಟ್ಟರು.

ನಂಜುಂಡೇಶ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದ. ಪಕ್ಕದ ಮನೆಯ ರುದ್ರೇಶ ಹಿಂದಿನ ಹೊಲದಲ್ಲಿ ಗುಣಿ ತೋಡಿಸಿ ಬಂದು ಬೆವರು ಒರೆಸಿಕೊಂಡ.

“ಎಷ್ಟೊತ್ಗೆ ಎತ್ತೋದು ಅಣ್ಣ?”

“ಶುಕ್ರವಾರ ಕಣ್ಲಾ. ರಾಹುಕಾಲ ಕಳೀಲಿ. ಅನ್ನೆರಡರ ಮ್ಯಾಲೆ ಎತ್ತಾನ,” ಎಂದ ನಂಜುಂಡೇಶ. “ಬರೋರೆಲ್ಲ ಬಂದಾಯ್ತು. ಅವಳ್ಗೆ ಅಂತ ಇನ್ಯಾರವ್ರೆ ಬರಾಕೆ?”

ಅದೇ ಹೊತ್ತಿಗೆ ಚನ್ನರಾಯಪಟ್ಟಣದ ಕಡೆಯಿಂದ ಬಂದ ಬಿಳಿ ಕಾರೊಂದು ಮನೆಯ ಹತ್ತಿರ ನಿಧಾನ ಮಾಡಿತು. ಓಡಿಸುತ್ತಿದ್ದವನು ಮೋಹನ್‌ಕುಮಾರ್. ಚನ್ನರಾಯಪಟ್ಟಣದಲ್ಲಿ ಹಾರ್ಡ್‌ವೇರ್ ಅಂಗಡಿ, ಊರಲ್ಲಿ ಜಮೀನು ಎರಡನ್ನೂ ನೋಡಿಕೊಳ್ಳುವವನು. ಹಿಂದಿನ ಸೀಟಿನಲ್ಲಿ ಅವನ ಅಕ್ಕನ ಮಗಳು ಮಾನಸಾ, ಅವಳ ಪಕ್ಕದಲ್ಲಿ ಅವನ ಮಗಳು ಧನ್ಯಾ. ಭಾನುವಾರ ಮಾನಸಾಳ ಅಕ್ಕನ ಮದುವೆ. ಮಾನಸಾ ಕಳಸಗಿತ್ತಿ. ಅವಳ ಜೊತೆಗೆ ಧನ್ಯಾ, ಇನ್ನು ಮೂವರು ಗೆಳತಿಯರು ಒಂದೇ ಬಗೆಯ ಲಂಗ ದಾವಣಿ ತೊಟ್ಟು ಮದುಮಗಳ ಪಕ್ಕ ನಿಲ್ಲುವುದೆಂದು ತೀರ್ಮಾನವಾಗಿತ್ತು. ಆ ಐದು ಲಂಗದ ರವಿಕೆಗಳು ವಿಜಯಮ್ಮನ ಹತ್ತಿರವಿದ್ದವು. ಬೆಳಿಗ್ಗೆಯಿಂದ ಮೂರು ಸಲ ಫೋನು ಮಾಡಿದರೂ ಯಾರೂ ಎತ್ತಿರಲಿಲ್ಲ.

“ಬೇಕಂತಲೇ ಎತ್ತುತ್ತಾ ಇಲ್ಲ ಮಾವ. ಅವತ್ತಿನ ಕೋಪ ಇಟ್ಕೊಂಡಿದ್ದಾರೆ,” ಎಂದು ಮಾನಸಾ ದಾರಿಯುದ್ದಕ್ಕೂ ಗೊಣಗಿದ್ದಳು. ಶಾಮಿಯಾನ ಕಂಡು, “ಏನೋ ಫಂಕ್ಷನ್ ಇದೆ ಅನ್ಸುತ್ತೆ. ಹೇಳಬಾರದಿತ್ತಾ ನಮಗೆ?” ಎಂದಳು.

ಮೋಹನ್‌ಕುಮಾರನ ಕಣ್ಣಿಗೆ ಬಿದ್ದದ್ದು ಬಾಗಿಲ ಮುಂದೆ ಹೊಗೆಯಾಡುತ್ತಿದ್ದ ಕೊರಡು. “ಇಳೀಬೇಡಿ, ತಡೀರಿ,” ಎಂದು ಅವನೊಬ್ಬನೇ ಇಳಿದ.

“ಯಾರು ಹೋಗಿದ್ದು?” ಎಂದು ರುದ್ರೇಶನನ್ನು ಕೇಳಿದ.

“ಒಲಿಗೆ ವಿಜಯಮ್ಮ ಸಾ. ನೆನ್ನೆ ಸಂಜೇಲಿ. ನೀವು ಎಲ್ಲಿಂದ ಬಂದ್ರಿ?”

“ಚನ್ನರಾಯಪಟ್ಟಣ.”

“ಬೇಕಾದೋರಾ?”

ರವಿಕೆ ತಗೊಂಡು ಹೋಗೋಕೆ ಬಂದೆವು ಎಂದು ಹೇಳಲು ಮೋಹನ್‌ಕುಮಾರನಿಗೆ ಬಾಯಿ ಬರಲಿಲ್ಲ. “ಹೂಂ... ಗೊತ್ತಿದ್ದೋರು,” ಎಂದ.

ರುದ್ರೇಶ ಕೂಡಲೇ ಒಳಗಿನವರಿಗೆ ಕೇಳುವಂತೆ, “ಚನ್ನರಾಯಪಟ್ಟಣದಿಂದ ಬಂದವ್ರೆ, ವಸಿ ದಾರಿ ಬುಡ್ರಪ್ಪಾ,” ಎಂದು ಕೂಗಿದ. ಜನ ಸರಿದರು. ಯಾರೋ ಒಂದು ಹಾರ ತಂದು ಮೋಹನ್‌ಕುಮಾರನ ಕೈಗಿಟ್ಟರು. ಎಂದೂ ಮಾತಾಡಿಸದ ಹೆಂಗಸಿನ ಎದೆಯ ಮೇಲೆ ಹಾರ ಹಾಕಿ, ಕೈಮುಗಿದು, ಏನು ಮಾಡಬೇಕೆಂದು ತಿಳಿಯದೆ ಅವನು ಅಲ್ಲೇ ನಿಂತ. ನಂಜುಂಡೇಶ ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡು, “ಅಷ್ಟ್ ದೂರದಿಂದ ಬಂದ್ರಲ್ಲ,” ಎಂದಾಗ ತಲೆ ತಗ್ಗಿಸಿದ.

ಹೊರಗೆ ಕಾರಿನಲ್ಲಿ ಕೂತಿದ್ದ ಮಾನಸಾಳಿಗೂ ಅಷ್ಟರಲ್ಲಿ ತಿಳಿದಿತ್ತು. ಅವಳು ಧನ್ಯಾಳನ್ನು ನೋಡಿದಳು. ಧನ್ಯಾ ಆಗಲೇ ಬಾಗಿಲು ತೆಗೆದು ಇಳಿಯುತ್ತಿದ್ದಳು.

ಹೆಂಗಸರ ನಡುವೆ ಅವರಿಗೂ ಜಾಗ ಮಾಡಿಕೊಟ್ಟರು. ವಿಜಯಮ್ಮನ ಹಣೆಗೆ ಅಗಲವಾಗಿ ವಿಭೂತಿ ಹಚ್ಚಿದ್ದರು. ಅಳತೆ ಟೇಪು ಕೊರಳಲ್ಲಿಲ್ಲದ ವಿಜಯಮ್ಮನನ್ನು ಮಾನಸಾ ನೋಡಿದ್ದು ಅದೇ ಮೊದಲು. ಇಪ್ಪತ್ತು ದಿನದ ಹಿಂದೆ ತಾನು ಇದೇ ಕೋಣೆಯಲ್ಲಿ ಆಡಿದ ಮಾತು ಅವಳಿಗೆ ನೆನಪಾಯಿತು.

*

ಅಂದು ಐವರೂ ಬಂದಿದ್ದರು. ಬಟ್ಟೆ ಹಾಸನದಿಂದ ತಂದದ್ದು. ಬದನೆಕಾಯಿ ಬಣ್ಣದ ಲಂಗ, ಸಾಸಿವೆ ಹೂವಿನ ಹಳದಿಯ ದಾವಣಿ. ವಿಜಯಮ್ಮ ಬಟ್ಟೆಯನ್ನು ಎತ್ತಿಕೊಂಡು ನೇರ ಅಂಗಳಕ್ಕೆ ಹೋದಳು. ಹುಡುಗಿಯರು ಹಿಂದೆ ಹೋದರು.

“ಟ್ಯೂಬ್‌ಲೈಟ್ ಕೆಳಗೆ ಬಣ್ಣ ನೋಡಬಾರ್ದು ಕಣವ್ವ. ಅದು ಎಲ್ಲಾನೂ ಚೆಂದಾಗೈತೆ ಅಂತದೆ.”

ಮಾನಸಾ ಫೋನಿನಲ್ಲಿ ಒಂದು ಫೋಟೋ ತೋರಿಸಿದಳು. ಕೈಯಲ್ಲಿ ಹಿಡಿದುಕೊಳ್ಳುವ, ಪುಟ್ಟ ಪೆಟ್ಟಿಗೆಯಂಥ ಬ್ಯಾಗು. “ಇಂಥ ಕ್ಲಚ್ ಬೇಕು ಆಂಟಿ. ಲಂಗದ ಬಣ್ಣದ್ದೇ ಬಟ್ಟೇಲಿ ಮಾಡ್ಕೊಡಿ. ಐದು ಜನಕ್ಕೂ ಒಂದೇ ಥರ.”

“ಲಂಗದ ಬಣ್ಣದ್ದೇ ಮಾಡಿದ್ರೆ ಲಂಗಕ್ಕೆ ತ್ಯಾಪೆ ಆಕ್ದಂಗೆ ಕಾಣ್ತದೆ. ದಾವಣಿ ಬಣ್ಣದ್ದು ಮಾಡಿದ್ರೆ ದಾವಣಿ ಅರ್ದು ಮಾಡಿದ್ರೇನೋ ಅಂತಾರೆ.” ವಿಜಯಮ್ಮ ಅಂಚಿನ ಮೇಲೆ ಉಗುರು ಓಡಿಸಿದಳು. ಜರಿಯ ಪಕ್ಕದಲ್ಲಿ ಕೂದಲೆಳೆಯಷ್ಟು ಸಣ್ಣದಾದ ಕೆಂಪು ಗೆರೆಯೊಂದು ಓಡಿತ್ತು. ಅರಗಿನ ಕೆಂಪು. “ಇದ ನೋಡು. ಯಾರ ಕಣ್ಗೂ ಬಿದ್ದಿರಾಕಿಲ್ಲ. ಬ್ಯಾಗು ಈ ಬಣ್ಣದ್ದಾದ್ರೆ ಆಗ ಎಲ್ರಿಗೂ ಈ ಗೆರೆ ಕಾಣ್ತದೆ.”

ಅವಳು ಮಂಚದ ಕೆಳಗಿನಿಂದ ಗಂಟೊಂದನ್ನು ಎಳೆದು ಬಿಚ್ಚಿದಳು. ವರ್ಷಗಳಿಂದ ಉಳಿದ ರವಿಕೆ ಚೂರುಗಳು. ಹುಡುಗಿಯರು ಒಂದೊಂದನ್ನೇ ಎತ್ತಿ ಲಂಗದ ಮೇಲಿಟ್ಟು ನೋಡಿದರು, ಕೆನ್ನೆಗೆ ಹಿಡಿದು ನೋಡಿದರು. ಒಬ್ಬಳು ಹಸಿರು ಚೂರನ್ನಿಟ್ಟು, “ಈಗ ಬದನೆಕಾಯಿಗೆ ತೊಟ್ಟೂ ಬಂತು,” ಎಂದಳು. ವಿಜಯಮ್ಮ ಎಲ್ಲರಿಗಿಂತ ಜೋರಾಗಿ ನಕ್ಕಳು. ಕೊನೆಗೆ ಅರಗಿನ ಕೆಂಪಿನ ರೇಷ್ಮೆ ಚೂರು ಸಿಕ್ಕಿತು. ಬಿಸಿಲಲ್ಲಿ ಲಂಗದ ಪಕ್ಕ ಹಿಡಿದಾಗ ಮಾನಸಾಳೂ ಒಪ್ಪಿದಳು. ಬಣ್ಣದ ಜಗಳ ಅಲ್ಲಿಗೆ ಮುಗಿದಿತ್ತು.

ಆಮೇಲೆ ವಿಜಯಮ್ಮ ಕಾಫಿ ತಂದಳು. ಅಳತೆಗೆಂದು ಮಾನಸಾ ಮನೆಯಿಂದ ತಂದಿದ್ದ ಹಳೆಯ ಕ್ಲಚ್ಚೊಂದು ಆಗ ಧನ್ಯಾಳ ಬಲಗೈಯಲ್ಲಿತ್ತು. ವಿಜಯಮ್ಮ ಅವಳ ಮುಂದೆ ಲೋಟ ಹಿಡಿದಳು.

“ನಾನು ಕಾಫಿ ಕುಡಿಯಲ್ಲ ಆಂಟಿ,” ಎಂದಳು ಧನ್ಯಾ.

ಮನೆಯೊಳಗೆ ಕಾಲಿಟ್ಟ ಕೂಡಲೇ ಕಾಫಿಯ ವಾಸನೆಗೆ “ಆಹಾ” ಎಂದವಳು ಅವಳೇ. ವಿಜಯಮ್ಮ ಒಂದು ಗಳಿಗೆ ಲೋಟ ಹಿಡಿದೇ ನಿಂತಳು. ಧನ್ಯಾಳ ಎಡಗೈ ದುಪಟ್ಟಾದ ಕೆಳಗಿತ್ತು. ಹುಟ್ಟಿದಾಗಿನಿಂದ ಆ ಕೈ ಸಣ್ಣದು, ಬೆರಳು ಮಡಚುವುದಿಲ್ಲ, ಏನನ್ನೂ ಹಿಡಿಯುವುದಿಲ್ಲ. ಹತ್ತೊಂಬತ್ತು ವರ್ಷದಿಂದ ಅವರ ಮನೆಯಲ್ಲಿ ಯಾರೂ ಅದರ ಮಾತೆತ್ತಿರಲಿಲ್ಲ. ಎತ್ತದಿರುವುದೇ ಪ್ರೀತಿ ಎಂದು ಎಲ್ಲರೂ ತಿಳಿದಿದ್ದರು.

ವಿಜಯಮ್ಮ ಲೋಟವನ್ನು ಕಿಟಕಿಯ ಮೇಲಿಟ್ಟಳು. “ಕೈಲಿ ಇಡ್ಕಳೋ ಬ್ಯಾಗು ಬ್ಯಾಡ ಕಣವ್ವ. ಸೊಂಟಕ್ಕೆ ಸಿಗಿಸ್ಕಳೋ ಸಂಚಿ ಮಾಡ್ಕೊಡ್ತೀನಿ. ಐದು ಜನಕ್ಕೂ.”

“ಸಂಚಿನಾ? ನಮ್ಮಜ್ಜಿ ಎಲೆಅಡಿಕೆ ಇಟ್ಕೊಳ್ಳೋದಾ?” ಮಾನಸಾ ನಕ್ಕಳು. ವಿಜಯಮ್ಮ ನಗದಿರುವುದನ್ನು ಕಂಡು ಅವಳ ನಗು ನಿಂತಿತು. “ಇಲ್ಲ ಆಂಟಿ. ಕ್ಲಚ್ಚೇ ಬೇಕು. ಫೋಟೋದಲ್ಲಿ ಕೈ ಖಾಲಿ ಕಾಣುತ್ತೆ.”

“ಖಾಲಿ ಇರ್ಲಿ ಬುಡವ್ವ. ಮದುವೆ ಮನೇಲಿ ಕೈಗೆ ನೂರೆಂಟು ಕೆಲ್ಸ ಇರ್ತದೆ.”

“ಅದು ನಮಗೆ ಬಿಡಿ. ನೀವು ಹೇಳಿದ್ದು ಹೊಲೀರಿ ಸಾಕು.”

“ಕೈಲಿ ಇಡ್ಕಳೋದ ನಾನು ಒಲಿಯಾಕಿಲ್ಲ.”

ಯಾಕೆಂದು ಅವಳು ಹೇಳಲಿಲ್ಲ. ಮಾನಸಾಳಿಗೆ ಅದು ಬರೀ ಹಟವಾಗಿ ಕಂಡಿತು. “ಮದುವೆ ಮನೆ ವಿಷಯ ನಿಮಗೇನು ಗೊತ್ತು ಆಂಟಿ?” ಎಂದಳು. “ನೀವು ಯಾವ ಮದುವೇಲಿ ಮುಂದೆ ನಿಂತಿದ್ದೀರಾ?”

ಮಾತು ಬಾಯಿಂದ ಬಿದ್ದ ಮೇಲೆ ಅವಳಿಗೇ ಕಸಿವಿಸಿಯಾಯಿತು. ವಿಜಯಮ್ಮ ದಾವಣಿಯನ್ನು ಅಂಚಿಗೆ ಅಂಚು ಕೂಡಿಸಿ ಮಡಚಿದಳು.

“ಅದೂ ದಿಟವೇ ಕಣವ್ವ,” ಎಂದಳು. “ರವಿಕೆ ಅಳ್ತೆ ಕೊಟ್ಟೋಗಿ.”

ವಾಪಸು ಹೋಗುವಾಗ ಕಾರಿನಲ್ಲೇ ಮಾನಸಾ ಫೋನು ಒತ್ತಿ ಐದು ಚಿನ್ನದ ಬಣ್ಣದ ಕ್ಲಚ್ ಆರ್ಡರ್ ಮಾಡಿದಳು. ಹೋದ ವಾರ ಅವು ಬಂದಿದ್ದವು.

*

“ನೀನೇ ಅಲ್ವಾ ಮಗ, ಬದನೆಕಾಯಿ ಲಂಗದೋಳು?”

ಬಸವಲಿಂಗಮ್ಮ ಮಾನಸಾಳ ಪಕ್ಕಕ್ಕೆ ಸರಿದು ಕೂತಿದ್ದಳು. ಮಾನಸಾ ತಲೆಯಾಡಿಸಿದಳು.

“ನಿಮ್ ರವಿಕೆ ನಾಕ್ ದಿನಕ್ಕೇ ಮುಗುಸ್ಬುಟ್ಲು. ಆ ಸಂಚೀಗೆ ಮಾತ್ರ ಪಡಬಾರದ ಪಾಡು ಪಟ್ಲು ಕಣವ್ವ ಇವ್ಳು.”

“ಸಂಚಿನಾ? ನಾವು ಬೇಡ ಅಂದಿದ್ವಲ್ಲ ಅಜ್ಜಿ.”

“ನೀವು ಬ್ಯಾಡ ಅಂದ್ರೆ ಇವ್ಳು ಬುಟ್ಟಾಳಾ?” ಮುದುಕಿ ವಿಜಯಮ್ಮನ ಕಡೆ ನೋಡಿ, ಎದ್ದು ಉತ್ತರ ಕೊಡಲಿ ಎಂಬಂತೆ ಕಾದಳು. “ಓದ ವಾರ ಬಂದು ನೋಡ್ತೀನಿ, ಎಡಗೈಯ ಟವಲ್ಲಾಗೆ ಮೈಗೆ ಕಟ್ಟಾಕ್ಕಂಡು ಕುಂತವ್ಳೆ. ನಂಗೆ ಎದೆ ದಸಕ್ಕಂತು. ಲಕ್ವ ಒಡೀತೇನೋ ಅಂದ್ಕಂಡೆ. ಏನೇ ಇದು ಅಂದ್ರೆ, ‘ಒಂದೇ ಕೈಲಿ ಇದ ತಗದು ಮುಚ್ಚಾಕ್ಕಾಗಬೇಕು ಬಸವಕ್ಕ, ಅಂಗೆ ಒಲೀಬೇಕು’ ಅಂದ್ಲು.”

ಬಾಗಿಲ ಪಕ್ಕ ಗೋಡೆಗೆ ಒರಗಿ ನಿಂತಿದ್ದ ಧನ್ಯಾ ತಲೆ ಎತ್ತಿದಳು.

“ಮೊದ್ಲು ಲಾಡಿ ಆಕಿದ್ಲು. ಒಂದ್ ಕೈಲಿ ಲಾಡಿ ಎಳೆಯಾಕಾಯ್ತದಾ? ಬಿಚ್ಚಿದ್ಲು. ಗುಂಡಿ ಆಕಿದ್ಲು. ಗುಂಡಿ ಎಳೆದ್ರೆ ಸಂಚೀನೂ ಜೊತೇಲೇ ಬತ್ತದೆ. ಅದ್ನೂ ಬಿಚ್ಚಿದ್ಲು. ಕೊನೆಗೆ ನಂಜುಂಡೇಶನ ಕಬ್ಬಿಣದ ಅಳ್ತೆ ಟೇಪಿಗೇ ಕತ್ತರಿ ಆಕ್ಬುಟ್ಲು.”

“ಅದಕ್ಕೇ ಅಣ್ಣ ತಂಗಿ ಎರಡು ದಿನ ಮಾತು ಬಿಟ್ಟಿದ್ರು,” ಎಂದಳು ಸ್ವರ್ಣಲತಾ, ದೀಪಕ್ಕೆ ಎಣ್ಣೆ ಹಾಕುತ್ತಾ. “ಬುಧವಾರ ಇವರೇ ಸೋತು ‘ಊಟ ಆಯ್ತಾ ವಿಜಿ’ ಅಂದ್ರು. ಅಷ್ಟಾದ್ರೂ ಆಯ್ತಲ್ಲ.”

“ಆ ಟೇಪಿನ ಚೂರನ್ನ ಸಂಚಿ ಬಾಯಿ ಒಳಗೆ ಇಟ್ಟು ಒಲ್ದವ್ಳೆ,” ಎಂದು ಬಸವಲಿಂಗಮ್ಮ ಮುಂದುವರಿಸಿದಳು. “ನಾನಂದೆ, ಒಂದ್ ಅಂಗೆ ಒಲಿ, ಮಿಕ್ಕಿದ್ದು ಸಲೀಸಾಗಿ ಒಲಿ, ಐದೂ ಯಾಕೆ ಅಂಗೇ ಅಂತ. ಅದ್ಕೆ ಏನಂದ್ಲು ಗೊತ್ತಾ? ‘ಒಂದ್ ಮಾತ್ರ ಬ್ಯಾರೆ ಥರ ಮಾಡಿದ್ರೆ ಆ ಮಗೀನ ಬೊಟ್ಟು ಮಾಡಿ ತೋರ್ಸಿದಂಗೆ ಆಯ್ತದೆ ಬಸವಕ್ಕ. ಐದೂ ಒಂದೇ ಆದ್ರೆ ಯಾರ್ಗೂ ತಿಳಿಯಾಕಿಲ್ಲ’ ಅಂದ್ಲು. ಯಾವ ಮಗೀನೋ ನಂಗೊತ್ತಿಲ್ಲವ್ವ. ಎಸ್ರು ಏಳ್ನಿಲ್ಲ.”

ಹೆಂಗಸರ ಹಿಂದೆ, ಹೊಸ್ತಿಲ ಆಚೆ ನಿಂತಿದ್ದ ಮೋಹನ್‌ಕುಮಾರ್ ಮಗಳನ್ನು ನೋಡಿ ಕೂಡಲೇ ಬೇರೆ ಕಡೆ ಮುಖ ತಿರುಗಿಸಿದ. ಮಾನಸಾಳ ಕಣ್ಣು ನೆಲದಲ್ಲಿತ್ತು. ಆ ಮೌನ ಅವರ ಮನೆಯದೇ ಮೌನ. ಅದು ಮುಚ್ಚಿಕೊಳ್ಳುವುದನ್ನು ಧನ್ಯಾ ಎಷ್ಟೋ ಸಲ ನೋಡಿದ್ದಳು.

“ನಾನೇ ಅಜ್ಜಿ,” ಎಂದಳು.

ಬಸವಲಿಂಗಮ್ಮ ಅವಳನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. “ಬಾ ಮಗ, ಇಲ್ಲಿ ಕುಂತ್ಕೊ,” ಎಂದು ತನ್ನ ಪಕ್ಕದ ಚಾಪೆ ತಟ್ಟಿದಳು. ಧನ್ಯಾ ಹೋಗಿ ಕೂತಳು.

ಸ್ವರ್ಣಲತಾ ಒಳಗೆ ಹೋಗಿ ಬೀರುವಿನಿಂದ ಒಂದು ಕವರು ತಂದಳು. ಐದು ರವಿಕೆ, ಇಸ್ತ್ರಿ ಮಾಡಿ ಮಡಚಿಟ್ಟದ್ದು. ಅದರ ಮೇಲೆ ಅರಗಿನ ಬಣ್ಣದ ಐದು ಸಂಚಿ. ಅಂಗೈ ಅಗಲ, ಎರಡು ಕಡೆ ಸೊಂಟಕ್ಕೆ ಸಿಗಿಸುವ ಕೊಕ್ಕೆ, ತಳದಲ್ಲಿ ಸಾಸಿವೆ ಹಳದಿಯ ಪುಟ್ಟ ಕುಚ್ಚು. ಧನ್ಯಾ ಒಂದನ್ನು ಎತ್ತಿಕೊಂಡಳು. ಮೇಲ್ತುದಿಯ ಎರಡು ಮೂಲೆಗಳನ್ನು ಹೆಬ್ಬೆರಳು, ನಡುಬೆರಳಿನಿಂದ ಒತ್ತಿದಳು. ಕಪ್ಪೆ ಬಾಯಿ ಬಿಟ್ಟಂತೆ ಸಂಚಿ ತೆರೆದುಕೊಂಡಿತು. ಬಿಟ್ಟಾಗ ಟಪ್ಪನೆ ಮುಚ್ಚಿಕೊಂಡಿತು. ಆ ಸದ್ದಿಗೆ ಮೂಲೆಯಲ್ಲಿ ಅಳುತ್ತಿದ್ದವರೂ ತಿರುಗಿ ನೋಡಿದರು. ಅವಳು ಮತ್ತೊಮ್ಮೆ ಒತ್ತಿದಳು, ಮತ್ತೊಮ್ಮೆ ಬಿಟ್ಟಳು.

“ನಾನು ಇದನ್ನ ಸಿಗಿಸ್ಕೋತೀನಿ,” ಎಂದು ಮಾನಸಾಳಿಗೆ ಹೇಳಿದಳು.

ಮಾನಸಾ ಅವಳ ಮಡಿಲಲ್ಲಿ ಮುಖವಿಟ್ಟಳು.

ಅಂಗಳದಲ್ಲಿ ಮೋಹನ್‌ಕುಮಾರನ ಫೋನು ಬಡಿದುಕೊಂಡಿತು. ಅವನ ತಾಯಿ ಸುಬ್ಬಮ್ಮ, ಮದುವೆ ಮನೆಯಿಂದ. ವಿಷಯ ತಿಳಿಸಿದ. ಮುದುಕಿಗೆ ಕಿವಿ ಮಂದ. ಅದಕ್ಕೇ ಅವಳ ದನಿ ಯಾವಾಗಲೂ ದೊಡ್ಡದು. ಫೋನು ಕಿವಿಯಿಂದ ದೂರ ಹಿಡಿದಿದ್ದರೂ ಜಗಲಿಯಲ್ಲಿದ್ದವರಿಗೆಲ್ಲ ಕೇಳುತ್ತಿತ್ತು.

“ಅಯ್ಯೋ ಶಿವನೇ! ಅಲ್ಲಿಂದ ಏನೂ ತರಬ್ಯಾಡ ಕಣ್ಲಾ. ಒಂದ್ ದಾರಾನೂ ತರಬ್ಯಾಡ. ಗಂಡ ಸತ್ತೋಳು ಒಲ್ದಿದ್ದು, ಈಗ ಎಣದ ಮಗ್ಗುಲಲ್ಲಿ ಮಡಗಿದ್ದು. ಅದ ಆಕ್ಕಂಡು ಮದುಮಗ್ಳು ಪಕ್ಕ ನಿಂತ್ಕತಾರಾ ನಮ್ಮ ಮಕ್ಳು? ಅಲ್ಲೇ ಬುಟ್ಟು ಬಾ. ಬ್ಯಾರೆ ತಗಂಡ್ರಾಯ್ತು.”

“ಆಯ್ತವ್ವ, ಮೆತ್ತಗೆ ಮಾತಾಡು,” ಎಂದ ಮೋಹನ್‌ಕುಮಾರ್. ತಿರುಗಿದರೆ ಎದುರಿಗೇ ನಂಜುಂಡೇಶ ನಿಂತಿದ್ದ.

*

ವಿಜಯಮ್ಮನನ್ನು ರುದ್ರಪಟ್ಟಣದ ಹತ್ತಿರದ ಒಂದು ಹಳ್ಳಿಗೆ ಕೊಟ್ಟಿದ್ದರು. ಹನ್ನೊಂದು ತಿಂಗಳಿಗೆ ಗಂಡ ಪಂಪ್‌ಸೆಟ್ಟಿನ ಕರೆಂಟು ಹೊಡೆದು ಸತ್ತ. ಇಪ್ಪತ್ತನೇ ವಯಸ್ಸಿಗೇ ತವರಿಗೆ ತಿರುಗಿ ಬಂದ ತಂಗಿಯನ್ನು ನಂಜುಂಡೇಶ ಒಂದು ದಿನವೂ ಒಂದು ಮಾತೂ ಅಂದವನಲ್ಲ. ಎರಡು ವರ್ಷದ ಮೇಲೆ ಅವನ ಮದುವೆಯಾಯಿತು. ಅಣ್ಣನ ಮದುವೆಯೆಂದು ವಿ‌ಜಯಮ್ಮ ಹಿಂದಿನ ದಿನವೆಲ್ಲ ಮನೆಯ ಹೆಣ್ಣುಮಕ್ಕಳ ರವಿಕೆ ಹೊಲಿದಳು, ಹೂ ಕಟ್ಟಿದಳು.

ಹೆಣ್ಣು ಗಂಡನ್ನು ಬಾಗಿಲಲ್ಲಿ ನಿಲ್ಲಿಸಿದಾಗ ಆರತಿ ಎತ್ತಲು ಹೆಂಗಸರು ಸಾಲುಗಟ್ಟಿದರು. ಗಡಿಬಿಡಿಯಲ್ಲಿ ಯಾರೋ ತಟ್ಟೆಯನ್ನು ವಿಜಯಮ್ಮನ ಕೈಗೆ ಕೊಟ್ಟರು. ಅವಳು ಹಿಗ್ಗಿನಿಂದ ಎರಡು ಹೆಜ್ಜೆ ಮುಂದೆ ಬಂದಳು. ಹಿಂದಿನಿಂದ ಹಿರಿಯರೊಬ್ಬರು ಕೆಮ್ಮಿದರು. ಇನ್ನೊಬ್ಬರು ನಂಜುಂಡೇಶನಿಗೆ ಕಣ್ಸನ್ನೆ ಮಾಡಿದರು. ಬಾಸಿಂಗ ಕಟ್ಟಿಕೊಂಡು ನಿಂತಿದ್ದ ಅವನು ಕೈಚಾಚಿ ತಟ್ಟೆ ಇಸಿದುಕೊಂಡು ಪಕ್ಕದವರಿಗೆ ಕೊಟ್ಟ. “ನೀನಲ್ಲ ವಿಜಿ,” ಎಂದ. ಮೆಲ್ಲಗೇ ಅಂದಿದ್ದ. ಆದರೆ ಓಲಗ ನಿಂತ ಹೊತ್ತು ಅದು. ಎಲ್ಲರಿಗೂ ಕೇಳಿಸಿತು. ಸಾಲಿನ ಎಲ್ಲ ಕಣ್ಣೂ ಅವಳ ಮೇಲೆ ಬಿದ್ದವು.

ಆಮೇಲೆ ಅವಳು ಯಾರ ಮದುವೆಯಲ್ಲೂ ಮಂಟಪದ ಹತ್ತಿರ ಹೋಗಲಿಲ್ಲ. ಹೋಗುವುದನ್ನೇನೂ ಬಿಡಲಿಲ್ಲ. ಹುಡುಗಿಯರು ಅಲಂಕಾರ ಮಾಡಿಕೊಳ್ಳುವ ಕೋಣೆಯಲ್ಲಿ ಕೂರುತ್ತಿದ್ದಳು. ಹುಕ್ಕು ಕಿತ್ತರೆ, ಲಾಡಿ ಒಳಗೆ ಹೋದರೆ, ಸೀರೆಯ ಅಂಚು ಕಾಲಿಗೆ ಸಿಕ್ಕಿ ಹರಿದರೆ ಎಲ್ಲರೂ “ವಿಜಕ್ಕ ಎಲ್ಲಿ” ಎಂದು ಅಲ್ಲಿಗೆ ಓಡಿ ಬರುತ್ತಿದ್ದರು. ಮಾಂಗಲ್ಯದ ಗಟ್ಟಿಮೇಳ ಕೇಳಿದಾಗ ಕೂತಲ್ಲೇ ಒಂದೆರಡು ಅಕ್ಷತೆ ಕಾಳನ್ನು ಬಾಗಿಲ ಕಡೆಗೆ ಎಸೆದು ಮತ್ತೆ ಸೂಜಿಗೆ ದಾರ ಪೋಣಿಸುತ್ತಿದ್ದಳು. ಅಣ್ಣನೊಂದಿಗೆ ಅವಳು ಆ ದಿನದ ಮಾತು ಎಂದೂ ಎತ್ತಲಿಲ್ಲ. ಅವನೂ ಎತ್ತಲಿಲ್ಲ.

*

“ನಿಮ್ಮ ತಾಯಿ ಅಂದಿದ್ದು ಕೇಳ್ತು ಸಾ,” ಎಂದ ನಂಜುಂಡೇಶ. “ಬುಡಿ, ದೊಡ್ಡೋರು, ಅವ್ರನ್ನೇನನ್ನಾನ. ನಾನೂ ಒಂದಿನ ಅಂಗೇ ಅಂದಿದ್ದೆ ಅವಳ್ಗೆ. ನನ್ನ ಮದುವೇಲೇ. ಆರತಿ ತಟ್ಟೆ ಇಡ್ಕಂಡಿದ್ಲು. ನಾನೇ ಕಿತ್ಕಂಡೆ.” ಅವನು ಹೆಗಲ ಟವಲಿನಿಂದ ಬಾಯಿ ಒರೆಸಿಕೊಂಡ. “ಅವ್ಳು ಯಾವತ್ತಾದ್ರೂ ಅದ ಕೇಳಿದ್ರೆ ತಪ್ಪಾಯ್ತು ಅನ್ನಾನ ಅಂತ ಇದ್ದೆ. ಕೇಳ್ನೇ ಇಲ್ಲ.”

ಮೋಹನ್‌ಕುಮಾರ್ ಫೋನು ಹಿಡಿದುಕೊಂಡೇ ನಿಂತಿದ್ದ. ಅತ್ತ ಕಡೆ ಸುಬ್ಬಮ್ಮ, “ಕೇಳ್ತಾ ಐತೇನ್ಲಾ? ಒಲ್ಟಿಯಾ?” ಎನ್ನುತ್ತಿದ್ದಳು.

ಮಾನಸಾ ಒಳಗಿನಿಂದ ಬಂದು ಅವನ ಕೈಯಿಂದ ಫೋನು ತೆಗೆದುಕೊಂಡಳು. ಕಣ್ಣು ಊದಿದ್ದವು. “ಅಜ್ಜಿ, ನಾನು ಮಾನಸಾ. ರವಿಕೇನೂ ತರ್ತೀವಿ, ಸಂಚೀನೂ ತರ್ತೀವಿ. ನಾವು ಐದೂ ಜನ ಅದನ್ನೇ ಹಾಕ್ಕೋತೀವಿ.”

“ಏನ್ ಮಾತಾಡ್ತೀಯೆ ನೀನು? ನಿಮ್ಮಕ್ಕಂಗೆ ಒಳ್ಳೇದಾಗೋದು ಬ್ಯಾಡ್ವಾ?”

“ಅಕ್ಕ ಬೇಡ ಅಂದ್ರೆ ನಾನು ಕಳಸ ಹಿಡಿಯಲ್ಲ. ಹಿಂದೆ ನಿಂತ್ಕೋತೀನಿ. ಅಕ್ಕಂಗೇ ಕೊಡಿ ಫೋನು.”

ಅತ್ತ ಸ್ವಲ್ಪ ಹೊತ್ತು ಗುಸುಗುಸು, ಪಾತ್ರೆಯ ಸದ್ದು, ಯಾರೋ ಯಾರಿಗೋ ರೇಗಿದ್ದು ಕೇಳಿತು. ಆಮೇಲೆ ಮದುಮಗಳ ದನಿ ಬಂತು. ಮಾನಸಾ ಎರಡೇ ಮಾತಿನಲ್ಲಿ ಹೇಳಿದಳು.

“ಧನ್ಯಾಗೆ ಸರಿ ಹೋಗುತ್ತಾ ಅದು?” ಎಂದು ಅಕ್ಕ ಕೇಳಿದಳು.

“ಸರಿ ಹೋಗುತ್ತೆ ಅಕ್ಕ. ಒಂದೇ ಕೈಲಿ ತೆಗೀತಾಳೆ.”

“ಹಂಗಾದ್ರೆ ತಗೊಂಬಾ. ಬಂದು ಸ್ನಾನ ಮಾಡ್ಕೊಂಡು ಒಳಗೆ ಬನ್ನಿ, ಅಷ್ಟೇ. ಅಜ್ಜಿಗೆ ನಾನು ಹೇಳ್ಕೋತೀನಿ.”

ಹನ್ನೆರಡೂ ಕಾಲಿಗೆ ಚಟ್ಟ ಸಿದ್ಧವಾಯಿತು. ಬಾಯಿಗೆ ಅಕ್ಕಿ ಹಾಕಲು ಹೆಂಗಸರು ಒಬ್ಬೊಬ್ಬರಾಗಿ ಬಂದರು. ಮಾನಸಾಳ ಸರದಿ ಬಂದಾಗ ಅವಳು ಬಗ್ಗಿ “ಆಂಟಿ” ಎಂದಳು. ನಾಲ್ಕು ಕಾಳು ತುಟಿಯ ಮೇಲೆ ಬಿದ್ದವು, ಉಳಿದದ್ದು ಅವಳ ಬೆರಳಿಗೇ ಅಂಟಿಕೊಂಡಿತು. ಬಸವಲಿಂಗಮ್ಮ ಅವಳ ಕೈಯನ್ನು ತನ್ನ ಸೆರಗಿನಲ್ಲಿ ಒರೆಸಿ ಪಕ್ಕಕ್ಕೆ ಕರೆದುಕೊಂಡಳು.

ಎತ್ತುವಾಗ ಒಂದು ಹೆಗಲು ಕಡಿಮೆ ಬಿತ್ತು. ರುದ್ರೇಶ ಅತ್ತಿತ್ತ ನೋಡಿದ. ಮೋಹನ್‌ಕುಮಾರ್ ಶೂ ಕಳಚಿ ಹೊಂಗೆ ಮರದ ಬುಡದಲ್ಲಿಟ್ಟು, ಪ್ಯಾಂಟು ಮಡಚಿ, ಬಂದು ಹೆಗಲು ಕೊಟ್ಟ. ಬಿಸಿಲಿಗೆ ಕಾದಿದ್ದ ನೆಲದಲ್ಲಿ ಬರಿಗಾಲಿನಲ್ಲಿ ಅವನು ಮೊದಲ ಹೆಜ್ಜೆಗಳನ್ನು ಎತ್ತೆತ್ತಿ ಇಟ್ಟ. ಆಮೇಲೆ ಉಳಿದವರ ಹೆಜ್ಜೆಗೆ ಹೆಜ್ಜೆ ಸೇರಿತು. ತಮಟೆಯ ಸದ್ದು ಮನೆಯ ಹಿಂದಕ್ಕೆ ಹೋಗಿ, ರಾಗಿ ಕೊಯ್ದ ಹೊಲದ ಆಚೆ ಸಣ್ಣದಾಯಿತು.

ಮನೆಯಲ್ಲಿ ಉಳಿದದ್ದು ಹೆಂಗಸರು. ಸ್ವರ್ಣಲತಾ ಸೆರಗು ಸಿಕ್ಕಿಸಿ ಕೋಣೆ ತೊಳೆಯಲು ನಿಂತಳು. ಮಾನಸಾ ಹೇಳಿಸಿಕೊಳ್ಳದೆ ಪೊರಕೆ ಹಿಡಿದಳು. “ನೀನು ಕಳಸಗಿತ್ತಿ ಮಗ, ಬುಡು,” ಎಂದರೂ ಬಿಡಲಿಲ್ಲ. ವಿಜಯಮ್ಮ ಮಲಗಿದ್ದ ಜಾಗಕ್ಕೆ ಬಸವಲಿಂಗಮ್ಮ ದೀಪ ತಂದಿಟ್ಟಳು.

“ಇನ್ನೇನ್ ಬಂದ್ಬುಡ್ತಾರೆ. ಕೈಕಾಲಿಗೆ ನೀರು ಉಯ್ಯಾಕೆ ಯಾರಾದ್ರೂ ಬಾಗ್ಲಲ್ಲಿ ನಿಂತ್ಕಳಿ,” ಎಂದು ಒಳಗಿನಿಂದ ಸ್ವರ್ಣಲತಾ ಕೂಗಿದಳು.

ಧನ್ಯಾ ಹೋಗಿ ನಿಂತಳು.

ಗಂಡಸರು ಒಬ್ಬರ ಹಿಂದೆ ಒಬ್ಬರು ಬಂದರು. ಅವಳು ಬಕೆಟ್ಟಿನಿಂದ ಚೊಂಬಿಗೆ ನೀರು ಮೊಗೆದು ಅವರ ಕಾಲಿಗೆ ಹಾಕಿದಳು, ಮತ್ತೆ ಮೊಗೆದಳು. ರುದ್ರೇಶ ಬಂದ. ಅವಳ ಅಪ್ಪ ಬಂದು ಸುಟ್ಟು ಕೆಂಪಾದ ಪಾದಗಳನ್ನು ಒಂದರ ಮೇಲೊಂದು ಉಜ್ಜಿ, ಮಗಳ ಮುಖ ನೋಡಿ, ಒಳಗೆ ಹೋಗಿ ದೀಪಕ್ಕೆ ಕೈಮುಗಿದ. ಎಲ್ಲರಿಗಿಂತ ಹಿಂದೆ ನಂಜುಂಡೇಶ ಬಂದ. ಮೊಣಕೈವರೆಗೂ ಮಣ್ಣು ಮೆತ್ತಿತ್ತು. ಅವನು ಬೊಗಸೆ ಒಡ್ಡಿದ.

ಧನ್ಯಾ ಬಗ್ಗಿ ನೀರು ಹಾಕಿದಳು. ಬಗ್ಗಿದಾಗ ದುಪಟ್ಟಾ ಹೆಗಲಿಂದ ಜಾರಿ ಕೆಳಗೆ ಬಿತ್ತು. ಅಷ್ಟು ಜನರ ಮುಂದೆ ಮಧ್ಯಾಹ್ನದ ಬಿಸಿಲಿನಲ್ಲಿ ಅವಳ ಎಡಗೈ ಮೈಗೆ ಒತ್ತಿ ಸುಮ್ಮನೆ ಇತ್ತು. “ಇನ್ನೊಂದ್ ಚೂರು ಮಗ,” ಎಂದ ನಂಜುಂಡೇಶ. ಅವಳು ದುಪಟ್ಟಾವನ್ನು ಎತ್ತಿಕೊಳ್ಳಲಿಲ್ಲ. ಮತ್ತೊಂದು ಚೊಂಬು ಮೊಗೆದಳು.